ಕಾಲು ನೋಡಿ ತಂದ ಅಳಿಯ

ಕುಂದಾಣದ ಹತ್ತಿರದ ಹೊಂಗೇನಹಳ್ಳಿಯಲ್ಲಿ ಮುನಿಶಾಮಪ್ಪ ಎಂಬ ಹೆಸರಿನವರು ಮೂವರಿದ್ದರು. ನಮ್ಮವನನ್ನು ಜನ ಗೋಲಿ ಮುನಿಶಾಮಪ್ಪ ಎನ್ನುತ್ತಿದ್ದರು. ನಲವತ್ತೇಳು ವರ್ಷದ ಗಂಡಸು ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಲಿ ಆಡುತ್ತಾನೆಂದು ಪರವೂರಿನವರು ತಿಳಿದುಕೊಂಡರೆ ಅವನಿಗೆ ಕೋಪ ನೆತ್ತಿಗೇರುತ್ತಿತ್ತು. ಅವನು ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಆ ಹೆಸರನ್ನು ದಂಡಿನ ಸೋಲ್ಜರುಗಳೇ ಇಟ್ಟದ್ದು ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಅದು ಪೂರ್ತಿ ಸುಳ್ಳೇನಲ್ಲ. ಯುದ್ಧದ ಕಾಲದಲ್ಲಿ ಯಲಹಂಕದ ಕಡೆ ದಂಡು ಬೀಡುಬಿಟ್ಟಿದ್ದಾಗ ಮುನಿಶಾಮಪ್ಪ ವಾರಕ್ಕೆರಡು ಸಲ ಗಾಡಿ ಕಟ್ಟಿ ಅಲ್ಲಿಗೆ ತರಕಾರಿಯನ್ನೂ ತನ್ನ ತೋಟದ ಚಕ್ಕೋತವನ್ನೂ ಹಾಕಿ ಬರುತ್ತಿದ್ದ. ಸಂಜೆ ಸೋಲ್ಜರುಗಳು ಚೆಂಡಾಡುವಾಗ ಗೋಲಿನ ಕಂಬದ ಹಿಂದೆ ನಿಂತು, ಆಚೆ ಹೋದ ಚೆಂಡನ್ನು ಎತ್ತಿ ಒಳಕ್ಕೆ ಎಸೆಯುತ್ತಿದ್ದ. ಗೋಲು ಕಾಯುವವನನ್ನು ಅವರು ಗೋಲಿ ಎನ್ನುತ್ತಿದ್ದರು, ತಮಾಷೆಗೆ ಇವನನ್ನೂ ಹಾಗೆಯೇ ಕರೆದರು. ಎರಡು ವರ್ಷ ಕಂಬದ ಹಿಂದೆ ನಿಂತದ್ದರಿಂದ ಕಂಬದ ಮುಂದೆ ನಿಲ್ಲುವ ವಿದ್ಯೆಯೂ ತನಗೆ ಬಂದಿದೆ ಎಂದು ಮುನಿಶಾಮಪ್ಪ ನಂಬಿಬಿಟ್ಟ. ದಂಡು ಹೊರಡುವ ದಿನ ಒಬ್ಬ ಸೋಲ್ಜರ್ ಅವನಿಗೊಂದು ಚರ್ಮದ ಚೆಂಡನ್ನೂ ಬೂದುಬಣ್ಣದ ಉಣ್ಣೆ ಟೋಪಿಯನ್ನೂ ಕೊಟ್ಟು ಬೆನ್ನು ತಟ್ಟಿದ.

ಚೆಂಡು ಮುನಿಶಾಮಪ್ಪನದು. ಅದು ಇರುತ್ತಿದ್ದುದು ಅವನ ಮನೆಯ ಅಟ್ಟದ ಮೇಲೆ, ರಾಗಿ ತುಂಬಿಡುವ ವಾಡೆಯ ಪಕ್ಕ. ಹಾಗಾಗಿ ಗೋಲಿನಲ್ಲಿ ಯಾರು ನಿಲ್ಲಬೇಕೆಂಬ ಪ್ರಶ್ನೆ ಊರಿನಲ್ಲಿ ಯಾವತ್ತೂ ಏಳಲಿಲ್ಲ.

ಅವನು ಗೋಲು ಕಾಯುತ್ತಿದ್ದುದು ತೋಟ ಕಾಯುವ ಹಾಗೆಯೇ. ಚೆಂಡು ಹತ್ತಿರ ಬರುತ್ತಿದ್ದಂತೆ ಎರಡು ಕೈಯನ್ನೂ ಮೇಲೆತ್ತಿ ಚಪ್ಪಾಳೆ ತಟ್ಟುತ್ತಾ, "ಹೋ! ಹೋ! ಹಾ!" ಎಂದು ಕೋತಿ ಓಡಿಸುವವನಂತೆ ಅರಚುತ್ತಿದ್ದ. ಮೊದಲ ವರ್ಷ ಎದುರಾಳಿಗಳು ಬೆದರಿ ನಿಂತದ್ದು ನಿಜ. ಎರಡನೆಯ ವರ್ಷಕ್ಕೆ, ಮೇಲೆತ್ತಿದ ಕೈಗಳ ಕೆಳಗೆ ಚೆಂಡು ಹೋಗಲು ಬೇಕಾದಷ್ಟು ಜಾಗವಿದೆ ಎಂಬುದು ಅವರಿಗೆ ಗೊತ್ತಾಗಿಹೋಯಿತು.

ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದರೆ ಆಟದ ಕಾಲ. ಯುಗಾದಿಗೆ ಅದು ಮುಗಿದು ಜನ ನೇಗಿಲು ಹಿಡಿಯುತ್ತಿದ್ದರು. ದೇವನಹಳ್ಳಿಯಲ್ಲಿ ಕಾಫಿ ಹೋಟೆಲಿಟ್ಟಿದ್ದ ಆದಿನಾರಾಯಣಪ್ಪನವರು ಸುತ್ತಮುತ್ತಲ ಊರುಗಳಿಗೆ ಪಂದ್ಯ ಏರ್ಪಡಿಸಿ, ಗೆದ್ದವರಿಗೆ ಒಂದು ದೊಡ್ಡ ಹಿತ್ತಾಳೆ ಕೊಡ ಇಟ್ಟಿದ್ದರು. ಅವರದು ಒಂದೇ ಷರತ್ತು. ಆಟಗಾರ ಯಾವ ಊರಿನ ಒಲೆಯಲ್ಲಿ ಬೆಂದ ಮುದ್ದೆಯನ್ನು ದಿನಾ ತಿನ್ನುತ್ತಾನೋ ಆ ಊರಿಗೇ ಆಡಬೇಕು. ಬಾಡಿಗೆಗೆ ಕರೆತಂದವರು ನಡೆಯುವುದಿಲ್ಲ.

ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿಯಲ್ಲಿ ಹೊಂಗೇನಹಳ್ಳಿಯವರು ಕುಂದಾಣದವರಿಂದ ಏಳು ಗೋಲು ತಿಂದು ಬಂದರು. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟ ಮುಗಿಸಿ, ತಂಡದವರೆಲ್ಲ ಮುನಿಶಾಮಪ್ಪನ ಹಜಾರದಲ್ಲಿ ಸೇರಿದರು. ಮುಂದಿನ ಸಲಕ್ಕೆ ಯಾವ ಯಾವ ಜಾಗಕ್ಕೆ ಹೊಸಬರು ಬೇಕು ಎಂದು ತೀರ್ಮಾನವಾಗಬೇಕಿತ್ತು. ಅಕ್ಷರ ಬಲ್ಲ ಮುನಿಶಾಮಪ್ಪ ಇದ್ದಿಲು ಹಿಡಿದು ಗೋಡೆಯ ಮುಂದೆ ನಿಂತ.

"ಎಡಗಡೆ ಮುಂದಾಳು," ಎಂದ. "ಇವನು ಎಡಗಡೆ ಗೆರೆ ಹತ್ರಾನೇ ಹೋಗಲ್ಲ."

"ಅಲ್ಲಿಂದಾಚೆ ನಮ್ಮ ದಾಯಾದಿಗಳ ಹೊಲ ಕಣಣ್ಣ," ಎಂದ ಆ ಹುಡುಗ. "ಕಾಲಿಟ್ರೆ ನಮ್ಮಪ್ಪ ಮನೆಗೇ ಸೇರ್ಸಲ್ಲ."

ಮುನಿಶಾಮಪ್ಪ 'ಬದಲಾಯಿಸಬೇಕು' ಎಂದು ಬರೆದ. ನಡುವೆ ಆಡುವ ಇಬ್ಬರು ಭಾವ ಭಾವಮೈದ. ಒಂದು ಎಮ್ಮೆಯ ವಿಷಯಕ್ಕೆ ಮಾತು ಬಿಟ್ಟು ಮೂರು ವರ್ಷವಾಗಿತ್ತು, ಆದ್ದರಿಂದ ಒಬ್ಬರಿಗೊಬ್ಬರು ಚೆಂಡು ಕೊಡುತ್ತಿರಲಿಲ್ಲ. ಅವರದೂ ಬದಲಾಯಿಸಬೇಕು. ಹಾಫ್ ಬ್ಯಾಕ್ ಒಬ್ಬ, ಹಾಫ್ ಎಂದಮೇಲೆ ಅರ್ಧ ಆಟ ಆಡಿದರೆ ಸಾಕೆಂದು ವಿರಾಮದ ಹೊತ್ತಿಗೇ ಮನೆಗೆ ಹೋಗುತ್ತಿದ್ದ. ಗೋಲಿನ ಮುಂದೆ ಎಡಗಡೆ ಕಾಯುವ ಬ್ಯಾಕಿನವನು ಪ್ರತಿ ಸಲ ಪಂಚೆ ಬಿಗಿದು ಕಟ್ಟಿಕೊಂಡೇ ಚೆಂಡಿಗೆ ಹೋಗಬೇಕು, ಅಷ್ಟರಲ್ಲಿ ಚೆಂಡು ಗೋಲಿನಲ್ಲಿರುತ್ತಿತ್ತು. ಹೀಗೆ ಗೋಡೆಯ ಮೇಲೆ ಹತ್ತು ಹೆಸರಿನ ಮುಂದೆ 'ಬದಲಾಯಿಸಬೇಕು' ಎಂದಾಯಿತು. ಹನ್ನೊಂದನೆಯದಾಗಿ 'ಗೋಲಿ' ಎಂದು ಬರೆದು, ಅದರ ಮುಂದೆ 'ಸರಿಯಾಗಿದೆ' ಎಂದು ಬರೆದು, ಮುನಿಶಾಮಪ್ಪ ಕೈ ಒರೆಸಿಕೊಂಡ.

ಎಲ್ಲರೂ ಒಂದು ಸಲ ಗೋಡೆ ನೋಡಿದರು, ಒಂದು ಸಲ ಅಟ್ಟ ನೋಡಿದರು. ಬಾಗಿಲ ಮರೆಯಲ್ಲಿದ್ದ ಮಗಳು ಅಕ್ಕಯಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ತಂಡದ ನಾಯಕ ಅಪ್ಪಯ್ಯಣ್ಣ ಊರ ಪಟೇಲರ ತಮ್ಮ, ಲೋಕ ಕಂಡವನು. ಎಲ್ಲರೂ ಎದ್ದುಹೋದ ಮೇಲೆ ಮುನಿಶಾಮಪ್ಪನ ಪಕ್ಕ ಬಂದು ಕೂತ.

"ಮುನಿಶಾಮಣ್ಣ, ಎಡಗಡೆ ಬ್ಯಾಕಿಗೆ ಒಬ್ಬ ಹುಡುಗನ್ನ ಕಂಡಿದ್ದೀನಿ. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಮನೆ. ಗಂಗಣ್ಣ ಅಂತ. ನಮ್ಮ ಜನಾನೇ. ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾ."

"ಬ್ಯಾಕಿಗೆ ತಾನೆ?"

"ಬ್ಯಾಕಿಗೇ," ಎಂದ ಅಪ್ಪಯ್ಯಣ್ಣ, ಕಣ್ಣು ಬೇರೆ ಕಡೆ ಹೊರಳಿಸಿ. "ಆದ್ರೆ ಫುಟ್‌ಬಾಲು ಅಂತ ಬಾಯಿ ಬಿಡ್ಬೇಡ. ಕುಂದಾಣದೋರ ಕಿವಿಗೆ ಬಿದ್ರೆ ಅವ್ರು ಹಾರಿಸ್ಕೊಂಡು ಹೋಗ್ತಾರೆ. ಒಂದು ಒಳ್ಳೇ ವಿಷಯಕ್ಕೆ ಬಂದಿದ್ದೀನಿ ಅನ್ನು, ಸಾಕು."

ಗೊತ್ತಿಲ್ಲದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಮುನಿಶಾಮಪ್ಪ ಎಲೆಅಡಿಕೆ, ತೆಂಗಿನಕಾಯಿ, ಎರಡು ಚಕ್ಕೋತ ಇಟ್ಟುಕೊಂಡು, ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಜರಿಯಂಚಿನ ವಲ್ಲಿ ಹಾಕಿಕೊಂಡು ಹೊರಟ. ಅವನು ಹೋದಾಗ ಆ ಮನೆಯವರು ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ತಿರುವಿಹಾಕುತ್ತಿದ್ದರು. ಇಬ್ಬರು ಅಂಗಳದಿಂದ ಹೆಂಚು ಎಸೆಯುತ್ತಿದ್ದರು, ಮಾಡಿನ ನೆತ್ತಿಯ ಮೇಲೆ ನಿಂತ ಇಪ್ಪತ್ತೆರಡರ ಹುಡುಗ ಹಿಡಿಯುತ್ತಿದ್ದ. ಎಸೆದವರು ಇವನ ಕಡೆ ನೋಡುತ್ತಿರಲಿಲ್ಲ, ಇವನೂ ಅವರ ಕಡೆ ನೋಡುತ್ತಿರಲಿಲ್ಲ. ಒಂದು ಹೆಂಚೂ ಕೆಳಗೆ ಬೀಳುತ್ತಿರಲಿಲ್ಲ.

ಮುನಿಶಾಮಪ್ಪ ಬಹಳ ಹೊತ್ತು ನಿಂತು ನೋಡಿದ. ನೋಡಿದ್ದು ಹುಡುಗನ ಕಾಲುಗಳನ್ನು. ಬ್ಯಾಕಿಗೆ ಬೇಕಾದ್ದು ಕಾಲು ತಾನೆ? ಮೀನಖಂಡ ಬಿಗಿಯಾಗಿತ್ತು, ಜಾರುವ ಮಾಡಿನ ಮೇಲೆ ಹೆಜ್ಜೆ ಅಲುಗಾಡಲಿಲ್ಲ. ಅವನಿಗೆ ಬಲು ತೃಪ್ತಿಯಾಯಿತು.

ಹುಡುಗನ ತಾಯಿ ಪಾಪಮ್ಮ ಚಾಪೆ ಹಾಸಿ ಕೂರಿಸಿದಳು. ತಟ್ಟೆಯಲ್ಲಿದ್ದ ಎಲೆಅಡಿಕೆಯನ್ನೂ ಜರಿಯಂಚಿನ ವಲ್ಲಿಯನ್ನೂ ನೋಡಿದ ಕೂಡಲೇ ಅವಳಿಗೆ ಬಂದ ವಿಷಯ ಅರ್ಥವಾಯಿತು. ಅಂದರೆ, ಅರ್ಥವಾಯಿತು ಎಂದು ಅವಳಿಗೆ ಅನ್ನಿಸಿತು.

"ಒಂದು ಒಳ್ಳೇ ವಿಷಯಕ್ಕೆ ಬಂದೆ ಕಣಮ್ಮ," ಎಂದ ಮುನಿಶಾಮಪ್ಪ. "ನಿಮ್ಮ ಹುಡುಗನ್ನ ನಮ್ಮ ಕಡೆಗೆ ತಗೋಬೇಕು ಅಂತ."

"ನಿಮ್ಮ ಮನೆದೇವರು ಯಾವುದಣ್ಣ?"

ಚೆಂಡಾಟಕ್ಕೂ ಮನೆದೇವರಿಗೂ ಏನು ಸಂಬಂಧವೋ ಅವನಿಗೆ ತಿಳಿಯಲಿಲ್ಲ. ಆದರೂ ಹೇಳಿದ.

"ನಮ್ಮದು ಬೇರೆ. ಒಳ್ಳೇದೇ ಆಯ್ತು," ಎಂದಳು ಪಾಪಮ್ಮ. "ಎಷ್ಟು ಜನ ನೀವು?"

"ಹನ್ನೊಂದು ಜನ. ಇವನು ಬಂದ್ರೂ ಹನ್ನೊಂದೇ. ಒಬ್ಬನ್ನ ಕಳಿಸಿಬಿಡ್ತೀವಿ."

ಪಾಪಮ್ಮನಿಗೆ ಸ್ವಲ್ಪ ಗಾಬರಿಯಾಯಿತು. ಭಾಗವಾಗಿ ಬೇರೆ ಹೋಗುವ ತಮ್ಮನಿರಬೇಕು ಎಂದುಕೊಂಡಳು. "ಹುಡುಗ ನಿಮ್ಮಲ್ಲೇ ಇರ್ಬೇಕಾ?"

"ಇರ್ಲೇಬೇಕು. ದಿನಾ ನಮ್ಮೂರ ಒಲೇಲಿ ಬೆಂದಿದ್ದನ್ನೇ ತಿನ್ಬೇಕು. ಅದು ಷರತ್ತು."

"ಮನೆ ಅಳಿಯ," ಎಂದು ಪಾಪಮ್ಮ ಒಳಗಿದ್ದ ಗಂಡನಿಗೆ ಪಿಸುಗುಟ್ಟಿದಳು. ಮನೆ ತುಂಬ ನಾಲ್ವರು ಗಂಡುಮಕ್ಕಳು, ಇದ್ದದ್ದು ಮೂರೆಕರೆ. ಗಂಡ ಒಳಗಿನಿಂದಲೇ ಆಗಲಿ ಎಂಬಂತೆ ಕೆಮ್ಮಿದ. ತಾಂಬೂಲ ಅತ್ತಿತ್ತ ಬದಲಾಯಿತು. ಇಷ್ಟು ಸುಲಭವಾಗಿ ಒಬ್ಬ ಬ್ಯಾಕ್ ಸಿಕ್ಕಿದನಲ್ಲ ಎಂದು ಮುನಿಶಾಮಪ್ಪ ದಾರಿಯುದ್ದಕ್ಕೂ ಹಿಗ್ಗಿದ.

ನಾಲ್ಕನೆಯ ದಿನ ಅವನ ಮನೆಯ ಮುಂದೆ ಗಾಡಿಯೊಂದು ನಿಂತಿತು. ಐವರು ಹೆಂಗಸರು ಹೂವಿನ ಬುಟ್ಟಿ ಹಿಡಿದು ಇಳಿದು, "ಹುಡುಗಿ ಎಲ್ಲವ್ವ? ಹೂ ಮುಡಿಸೋಣ," ಎಂದರು. ಮುನಿಶಾಮಪ್ಪನ ಹೆಂಡತಿ ಸಪ್ಪಲಮ್ಮ ಬಂದವರಿಗೆ ಮಜ್ಜಿಗೆ ಕೊಟ್ಟು, ಗಂಡನನ್ನು ಹಿತ್ತಿಲಿಗೆ ಕರೆದಳು.

"ಏನ್ ಮಾಡ್ಕೊಂಡು ಬಂದೆ ನೀನು?"

"ನಾನು ಬ್ಯಾಕ್ ನೋಡೋಕೆ ಹೋಗಿದ್ದೆ ಕಣೆ."

"ತಾಂಬೂಲ ಕೊಟ್ಟು ಮಗಳನ್ನೇ ಕೊಟ್ಟು ಬಂದಿದ್ದೀಯಲ್ಲೋ! ಹದಿನೆಂಟು ವರ್ಷ ಸಾಕಿದ ಕೂಸು. ಹುಡುಗ ಹೆಂಗಿದ್ದಾನೆ, ಮುಖ ಹೆಂಗಿದೆ, ಅದನ್ನಾದ್ರೂ ನೋಡಿದ್ಯಾ?"

ಮುನಿಶಾಮಪ್ಪ ಎಷ್ಟು ನೆನಪಿಸಿಕೊಂಡರೂ ಮುಖ ನೆನಪಿಗೆ ಬರಲಿಲ್ಲ. "ಕಾಲು ಚೆನ್ನಾಗಿದೆ," ಎಂದ.

ಕೊಟ್ಟ ಮಾತು ತಪ್ಪಿದರೆ ಮರ್ಯಾದೆ ಹೋಗುತ್ತದೆ, ತಪ್ಪದಿದ್ದರೆ ಮಗಳಿಗೆ ಅನ್ಯಾಯ. ಅವನು ನಿಜವಾಗಿಯೂ ಕಂಗಾಲಾಗಿ ಬಾವಿಕಟ್ಟೆಯ ಮೇಲೆ ಕುಸಿದು ಕೂತ. ಕೊನೆಗೆ ದಾರಿ ತೋರಿಸಿದವಳು ಅಕ್ಕಯಮ್ಮನೇ. ಹೂವು ಇನ್ನೊಂದು ದಿನ ಮುಡಿಯುತ್ತೇನೆ, ಮೊದಲು ಚಕ್ಕೋತ ಕೀಳುವ ಕಾಲಕ್ಕೆ ಹುಡುಗನನ್ನು ಒಂದು ದಿನ ತೋಟಕ್ಕೆ ಕಳಿಸಿ ಎಂದು ಆ ಹೆಂಗಸರಿಗೆ ಹೇಳಿಸಿದಳು.

ಚಕ್ಕೋತ ನೆಲಕ್ಕೆ ಬಿದ್ದರೆ ಹೊರಗೆ ಏನೂ ಕಾಣದಿದ್ದರೂ ಒಳಗೆ ತೊಳೆ ಒಡೆದು ಕಹಿಯಾಗುತ್ತದೆ. ಅದಕ್ಕೇ ಒಬ್ಬರು ದೋಟಿಯಿಂದ ಕಿತ್ತರೆ ಇನ್ನೊಬ್ಬರು ಕೆಳಗೆ ನಿಂತು ಹಿಡಿಯಬೇಕು. ಗಂಗಣ್ಣ ಬಂದ ದಿನ ದೋಟಿ ಹಿಡಿದವಳು ಅಕ್ಕಯಮ್ಮ. ಮೊದಲು ಒಂದೊಂದು ಹಣ್ಣು ಕೆಡವಿದಳು. ಆಮೇಲೆ ಮುಂಚೆ ಹೇಳದೆ ಅವನ ಬೆನ್ನ ಹಿಂದಿನದನ್ನು ಕೆಡವಿದಳು. ಕೊನೆಗೆ ಒಂದೇ ಎಳೆತಕ್ಕೆ ಎರಡು ಹಣ್ಣು ಕೆಡವಿದಳು. ಗಂಗಣ್ಣ ಒಂದನ್ನು ಬಲಗೈಯಲ್ಲಿ ಹಿಡಿದು, ಇನ್ನೊಂದನ್ನು ಎದೆಗವಚಿಕೊಂಡು, ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿ ನಕ್ಕ. ಅವಳು ತಾಯಿಯ ಕಡೆ ತಿರುಗಿ, "ಆಗಲಿ ಕಣವ್ವ," ಎಂದಳು.

ಬೇಲಿಯ ಪಕ್ಕ ನಿಂತಿದ್ದ ಮುನಿಶಾಮಪ್ಪ ಅವತ್ತು ಮೊದಲ ಬಾರಿಗೆ ಅಳಿಯನ ಕೈಗಳನ್ನು ನೋಡಿದ. ಅಪ್ಪಯ್ಯಣ್ಣ ಅವತ್ತು ಕಣ್ಣು ಹೊರಳಿಸಿದ್ದು ಯಾಕೆಂದು ತಿಳಿಯಿತು. ಮನೆಗೆ ಬಂದು ಗೋಡೆಯ ಮುಂದೆ ನಿಂತು 'ಗೋಲಿ: ಸರಿಯಾಗಿದೆ' ಎಂಬುದನ್ನು ಓದಿದ. ಇದ್ದಿಲು ಎತ್ತಿಕೊಂಡ. ಮತ್ತೆ ಕೆಳಗಿಟ್ಟ. ಊರಿನಲ್ಲಿ ಮೂವರು ಮುನಿಶಾಮಪ್ಪಂದಿರು. ಗೋಲಿ ಹೋದರೆ ಅವನು ಮೂವರಲ್ಲಿ ಒಬ್ಬ, ಅಷ್ಟೇ.

ಕಾರ್ತಿಕದಲ್ಲಿ ಮದುವೆಯಾಯಿತು. ಮನೆ ಅಳಿಯನಾಗಿ ಬಂದ ಗಂಗಣ್ಣ ಬಹಳ ಒಳ್ಳೆಯ ಹುಡುಗ, ಅದೇ ತೊಂದರೆಯಾಯಿತು. ಅಪ್ಪಯ್ಯಣ್ಣ ಅವನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಗೋಲಿನಲ್ಲಿ ನಿಲ್ಲುತ್ತೀಯಾ ಎಂದು ಕೇಳಿದ್ದಕ್ಕೆ ಕಿವಿ ಮುಚ್ಚಿಕೊಂಡ. "ಮಾವ ನಿಂತಿರೋ ಜಾಗದಲ್ಲಿ ನಾನು ನಿಲ್ಲೋದಾ? ಕೇಳಿದೋರು ಏನಂದಾರು?" ಎಂದ. ಹೀಗಾಗಿ ಬ್ಯಾಕ್ ಎಂದು ಬಂದವನು ಬ್ಯಾಕೇ ಆದ. ಮುನಿಶಾಮಪ್ಪನಿಗೆ ಬದುಕಿದೆ ಅನ್ನಿಸಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು.

ಮಾಘದಲ್ಲಿ ದೇವನಹಳ್ಳಿಯ ಬಯಲಿನಲ್ಲಿ ಕುಂದಾಣದವರ ಜೊತೆ ಕೊನೆಯ ಪಂದ್ಯ. ಸೀಟಿ ಊದಿದ ಕೂಡಲೇ ನೋಡುವವರಿಗೆಲ್ಲ ಒಂದು ವಿಚಿತ್ರ ಕಾಣಿಸಿತು. ಹೊಂಗೇನಹಳ್ಳಿಯ ಎಡಗಡೆ ಬ್ಯಾಕ್ ಎದುರಾಳಿಗಳಿಗೆ ಬೆನ್ನು ಹಾಕಿ, ತನ್ನದೇ ಗೋಲಿನ ಕಡೆ ಮುಖ ಮಾಡಿ, ಕೈಕಟ್ಟಿಕೊಂಡು ನಿಂತಿದ್ದ. ಚೆಂಡು ಬಂದರೆ ಹಿಂದುಹಿಂದಕ್ಕೆ ನಡೆದು ಹೋಗುತ್ತಿದ್ದ.

"ಆ ಕಡೆ ತಿರುಗ್ರೀ ಅಳಿಯಂದ್ರೇ!" ಎಂದು ಮುನಿಶಾಮಪ್ಪ ಕೂಗಿದ. ಹೊಸ ಅಳಿಯ, ಬೈಯುವ ಹಾಗೂ ಇರಲಿಲ್ಲ.

"ನಿಮಗೆ ಬೆನ್ನು ಹಾಕೋದು ಹೆಂಗೆ ಮಾವ?"

"ಪರ್ವಾಗಿಲ್ಲ, ಹಾಕ್ರೀ!"

"ಜನ ನೋಡ್ತಾವ್ರೆ ಮಾವ!"

ಈ ಮಾತು ನಡೆಯುತ್ತಿದ್ದಾಗಲೇ ಕುಂದಾಣದವರು ಒಂದು ಗೋಲು ಹೊಡೆದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದಿನಾರಾಯಣಪ್ಪನವರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆದರೂ ಅಪ್ಪಯ್ಯಣ್ಣ ಅವತ್ತು ಒಳ್ಳೆಯ ಆಟದಲ್ಲಿದ್ದ. ಕುಂದಾಣದವರು ಎರಡು ಹೊಡೆದರೆ ಇವನೂ ಎರಡು ಹೊಡೆದ. ಆಟ ಮುಗಿಯಲು ಐದು ನಿಮಿಷವಿದ್ದಾಗ ಲೆಕ್ಕ ಸಮವಾಗಿತ್ತು.

ಆಗ ಕುಂದಾಣದವನೊಬ್ಬ ದೂರದಿಂದ ಎತ್ತಿ ಒದ್ದ. ಮುನಿಶಾಮಪ್ಪ ಚಪ್ಪಾಳೆ ತಟ್ಟಿ ಹೋ ಎಂದ. ಚೆಂಡು ಅವನ ಕೈಗಳ ಮೇಲಿಂದ, ಎರಡು ಕಂಬಗಳ ನಡುವೆ ಕಟ್ಟಿದ್ದ ಹಗ್ಗದ ಕೆಳಕ್ಕೆ ಇಳಿಯತೊಡಗಿತು. ಗೋಲಿನ ಕಡೆಗೇ ಮುಖ ಮಾಡಿದ್ದ ಗಂಗಣ್ಣನಿಗೆ ಅದು ಸ್ಪಷ್ಟವಾಗಿ ಕಂಡಿತು. ಕಂಡದ್ದೇ ತಡ, ಓಡಿಬಂದು ಮೇಲಕ್ಕೆ ಹಾರಿ, ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಹಣ್ಣಿಗೆ ಪೆಟ್ಟಾಗದ ಹಾಗೆ ಮೆಲ್ಲಗೆ ನೆಲದ ಮೇಲಿಟ್ಟ.

ರೆಫರಿ ಸೀಟಿ ಊದಿದ. ಬ್ಯಾಕ್ ಕೈಯಲ್ಲಿ ಮುಟ್ಟಿದ್ದಕ್ಕೆ ಪೆನಾಲ್ಟಿ.

ಹನ್ನೆರಡು ಹೆಜ್ಜೆ ದೂರದಲ್ಲಿ ಚೆಂಡು ಇಟ್ಟರು. ಗಂಗಣ್ಣ ಮುಖ ಸಪ್ಪಗೆ ಮಾಡಿಕೊಂಡು, "ತಪ್ಪಾಯ್ತು ಮಾವ," ಎಂದ. ಮುನಿಶಾಮಪ್ಪ ಆ ಚೆಂಡನ್ನು ನೋಡಿದ. ಅದು ಅವನ ಚೆಂಡೇ, ಅಟ್ಟದ ಮೇಲಿಂದ ಬೆಳಿಗ್ಗೆ ತಾನೇ ಇಳಿಸಿ ತಂದದ್ದು. ಇಷ್ಟು ವರ್ಷದಲ್ಲಿ ಒಂದೇ ಒಂದು ಪೆನಾಲ್ಟಿಯನ್ನೂ ತಾನು ಹಿಡಿದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಯಾವತ್ತಿನಿಂದಲೋ ಗೊತ್ತಿತ್ತು. ತಂಡದ ಹತ್ತು ಜನ ಅವನನ್ನೇ ನೋಡುತ್ತಿದ್ದರು, ಒಬ್ಬನೂ ಜಾಗ ಬಿಡು ಎನ್ನಲಿಲ್ಲ. ಅವರು ಇಷ್ಟು ದಿನ ತನ್ನ ಮೇಲೆ ಇಟ್ಟಿದ್ದ ದಾಕ್ಷಿಣ್ಯ ಎಷ್ಟೆಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಅವನು ತಲೆಯಿಂದ ಉಣ್ಣೆ ಟೋಪಿ ತೆಗೆದ.

"ಅಳಿಯಂದ್ರೇ, ಇದನ್ನ ಇಟ್ಕೊಳ್ಳಿ."

"ಅಯ್ಯೋ, ಬೇಡಿ ಮಾವ. ಅದು ನಿಮ್ಮ ಜಾಗ."

"ಮದುವೇಲಿ ಪೇಟ ಕೊಟ್ಟೆ, ಇಸ್ಕೊಂಡ್ರಿ. ಈಗ ಇಷ್ಟು ಜನದ ಮುಂದೆ ಮಾವ ಕೊಟ್ಟಿದ್ದನ್ನ ಬೇಡ ಅಂತೀರಾ?"

ಗಂಗಣ್ಣ ತಲೆ ಬಗ್ಗಿಸಿದ. ಮುನಿಶಾಮಪ್ಪ ತಾನೇ ಅವನಿಗೆ ಟೋಪಿ ಇಟ್ಟು, ಕಿವಿ ಮುಚ್ಚುವವರೆಗೆ ಎಳೆದು, ರೆಫರಿಗೆ ಹೇಳಿ, ಬೋಳು ತಲೆಗೆ ಗಾಳಿ ತಾಗುತ್ತಿದ್ದಂತೆ ಪಕ್ಕಕ್ಕೆ ಸರಿದು ನಿಂತ.

ಕುಂದಾಣದವನು ಬಲವಾಗಿ ಬಲಮೂಲೆಗೆ ಒದ್ದ. ಗಂಗಣ್ಣ ಒಂದು ಹೆಜ್ಜೆ ಹಾಕಿ ಹಿಡಿದ. ಅದರಲ್ಲಿ ವಿಶೇಷವೇನೂ ಇರಲಿಲ್ಲ, ಇನ್ನೊಂದು ಹೆಂಚು ಬಂತು ಎಂಬಂತಿತ್ತು. ಅಪ್ಪಯ್ಯಣ್ಣ ಬಯಲಿನ ನಡುವೆಯೇ ಕುಣಿದ. ಉಳಿದ ಹೊತ್ತು ಮುನಿಶಾಮಪ್ಪ ಎಡಗಡೆ ಬ್ಯಾಕ್ ಆಗಿ ಆಡಿದ. ಈಗ ಮಾವ ಮುಂದೆ, ಅಳಿಯ ಹಿಂದೆ, ಯಾರೂ ಯಾರಿಗೂ ಅಗೌರವ ತೋರಿಸಬೇಕಾಗಿರಲಿಲ್ಲ. ಮುನಿಶಾಮಪ್ಪ ಅಲ್ಲಿಯೂ ಚಪ್ಪಾಳೆ ತಟ್ಟಿ ಅರಚಿದ. ಎದುರಿಗೆ ಅಷ್ಟು ಹತ್ತಿರದಲ್ಲಿ ಅರಚುವವನನ್ನು ಕುಂದಾಣದವರು ಹಿಂದೆಂದೂ ಕಂಡಿರಲಿಲ್ಲ, ಇಬ್ಬರು ಚೆಂಡು ಬಿಟ್ಟು ನಿಂತೇಬಿಟ್ಟರು.

ಪಂದ್ಯ ಸಮವಾಯಿತು. ಕೊಡ ಆರು ತಿಂಗಳು ಅವರಿಗೆ, ಆರು ತಿಂಗಳು ಇವರಿಗೆ ಎಂದು ಆದಿನಾರಾಯಣಪ್ಪನವರು ಹೇಳಿ, ಮೊದಲು ಹೊಂಗೇನಹಳ್ಳಿಗೇ ಕೊಟ್ಟರು. ಮಾರನೆಯ ಬೆಳಿಗ್ಗೆ ಸಪ್ಪಲಮ್ಮ ಅದರಲ್ಲೇ ಬಾವಿಯಿಂದ ನೀರು ತಂದಳು. ಊರಿನವರೆಲ್ಲ ನೋಡಲೆಂದು ಎರಡು ಬೀದಿ ಸುತ್ತಿಕೊಂಡು ಬಂದಳು.

ಯುಗಾದಿಗೆ ಗೋಡೆಗೆ ಸುಣ್ಣ ಬಳಿದಾಗ ಹಳೆಯ ಬರಹ ಅಳಿಸಿಹೋಯಿತು. ಹೊಸತೊಡಕಿನ ದಿನ ತಂಡದವರು ಮತ್ತೆ ಹಜಾರದಲ್ಲಿ ಸೇರಿದರು. ಮುನಿಶಾಮಪ್ಪ ಇದ್ದಿಲು ಹಿಡಿದು ಈ ಸಲ ಮೊದಲ ಸಾಲಿನಲ್ಲೇ 'ಗೋಲಿ: ಸರಿಯಾಗಿದೆ' ಎಂದು ಬರೆದ. ಅಕ್ಷರ ದಪ್ಪವಾಗಿ ಬಂತು. ಅದರ ಕೆಳಗೆ, 'ಎಡಗಡೆ ಬ್ಯಾಕು: ವಯಸ್ಸಾಗಿದೆ, ಬದಲಾಯಿಸಬೇಕು' ಎಂದು ಬರೆದು, ಯಾರ ಮುಖವನ್ನೂ ನೋಡದೆ ನಿಂತ. ಗಂಗಣ್ಣ ತಲೆ ತಗ್ಗಿಸಿದ.

ಅಕ್ಕಯಮ್ಮ ಒಳಗಿನಿಂದ ಬಂದಳು. ಗೋಡೆ ಓದಿದಳು. ಸೆರಗಿನ ತುದಿಯಿಂದ ಎರಡನೆಯ ಸಾಲನ್ನು ಒರೆಸಿಹಾಕಿದಳು.

"ಇನ್ನೊಬ್ಬ ಬ್ಯಾಕ್ ತರೋಕೆ ನಿಂಗೆ ಇನ್ನೊಬ್ಬ ಮಗಳಿಲ್ಲ ಕಣಪ್ಪ," ಎಂದಳು. "ನೀನೇ ಆಡು."